ಒಂಟಿ ಬೂಟಿನ ಸನ್ನಿಧಾನಕ್ಕೆ, ಗಾಲಿಕುರ್ಚಿಯಿಂದ

ಹಡಗಿನವರು ಹಂಚುವ ದಡ ಪ್ರವಾಸಗಳ ಕೈಪಿಡಿಯಲ್ಲಿ ಪುಟಪುಟದ ಬಲಮೂಲೆಯಲ್ಲೂ ವಿರಾಜಮಾನರಾಗಿರುವ, ಗಾತ್ರದಲ್ಲಿ ಹೆಬ್ಬೆರಳಿನ ಉಗುರಿಗಿಂತ ದೊಡ್ಡವರಲ್ಲದಿದ್ದರೂ ನನ್ನಂಥವರು ಎಲ್ಲಿ ಇಳಿಯಬೇಕು, ಎಲ್ಲಿ ಇಳಿಯಬಾರದು ಎಂಬುದನ್ನು ನಮ್ಮನ್ನು ಒಂದು ಮಾತೂ ಕೇಳದೆ ತೀರ್ಮಾನಿಸಬಲ್ಲ ಮಾನ್ಯ ಒಂಟಿ ಬೂಟಿನವರೇ,

ಮೊದಲಿಗೆ ತಮ್ಮ ಪಾದಗಳಿಗೆ, ತಮಗೆ ಪಾದವಿಲ್ಲ, ಇರುವುದು ಬರಿಯ ಪಾದರಕ್ಷೆ ಎಂಬುದನ್ನು ಕ್ಷಣಕಾಲ ಮರೆತು, ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಅಟ್ಟೆ ಸವೆಯದೆ, ಲೇಸು ಬಿಚ್ಚದೆ, ಕೆಸರು ಮೆತ್ತದೆ ನುಣುಪು ಕಾಗದದ ಮೇಲೆ ವಾಸವಾಗಿರುವವರ ಕ್ಷೇಮಕ್ಕೆ ಏನು ಕೊರತೆ ಇದ್ದೀತು. ನಾನೂ ತಕ್ಕಮಟ್ಟಿಗೆ ಕ್ಷೇಮ. ಪತ್ರದ ಉದ್ದ ನೋಡಿ ಗಾಬರಿಯಾಗಬೇಡಿ, ತಮ್ಮ ಲೆಕ್ಕದಲ್ಲಿ ಇದು ಹೆಚ್ಚೆಂದರೆ ಒಂದು ಬೂಟಿನ, ಅಂದರೆ ತೀರ ಹಗುರವಾದ, ಪತ್ರ.

ನನ್ನ ಪರಿಚಯ ಹೇಳಿಕೊಳ್ಳುವುದು ಧರ್ಮ. ನಾನು ಚಪ್ಪಲಿ ಅಂಗಡಿಯವಳು. ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡಿರುವ, ಎರಡು ಗೋಡೆಗಳಿಗೂ ಚಾವಣಿಯ ತನಕ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಟ್ಟಿರುವ ಕಿರಿದಾದ ಅಂಗಡಿಯಲ್ಲಿ ನನ್ನ ಯಜಮಾನರು ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು, ನಾನು ಗಿರಾಕಿಗಳ ಕಾಲ ಬಳಿ ಕೂರುತ್ತಿದ್ದೆ. ಊರಿನ ಅರ್ಧ ಜನರನ್ನು ಮುಖ ನೋಡಿದರೆ ನಾನು ಗುರುತು ಹಿಡಿಯಲಾರೆ, ಹಿಮ್ಮಡಿ ನೋಡಿದರೆ ಯಾರ ಮನೆಯವರೆಂದು ಹೇಳಿಬಿಡುತ್ತೇನೆ. ಹೀಗೆ ಊರವರ ಕಾಲುಗಳನ್ನೆಲ್ಲ ಉಪಚರಿಸಲು ಮಂಡಿಯೂರಿ ಮಂಡಿಯೂರಿ, ಕೊನೆಗೆ ನನ್ನ ಮಂಡಿಗಳೆರಡೂ ಒಟ್ಟಿಗೆ ರಾಜೀನಾಮೆ ಕೊಟ್ಟವು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ನನ್ನ ಮಂಡಿಗಳನ್ನು ಕಂಡೇ ಹೇಳಿರಬೇಕು. ಈಗ ನಾನು ಎದ್ದುನಿಂತು ನಾಲ್ಕು ಹೆಜ್ಜೆ ಇಡಬಲ್ಲೆ, ಐದನೆಯದಕ್ಕೆ ಗೋಡೆ ಬೇಕು, ಗೋಡೆಯಿಲ್ಲದ ಕಡೆ ನಾದಿನಿ ಬೇಕು.

ವೃತ್ತಿಯ ಚಟ ಬಿಡದ್ದರಿಂದ ತಮ್ಮ ಚಿತ್ರವನ್ನು ಕನ್ನಡಕ ಒರೆಸಿಕೊಂಡು ಪರೀಕ್ಷಿಸಿದೆ. ಕಣಕಾಲು ಮುಚ್ಚುವ ಎತ್ತರ, ದಪ್ಪ ಹಲ್ಲಿನ ಅಟ್ಟೆ, ಸಾಲುಸಾಲು ಲೇಸಿನ ತೂತು: ತಾವು ಬೆಟ್ಟ ಹತ್ತುವವರ ಬೂಟು, ಅದೂ ಎಡಗಾಲಿನದು. ಬಗ್ಗಿ ಲೇಸು ಕಟ್ಟಿಕೊಳ್ಳಲಾರದವರಿಗೆ ಸುಲಭ ಪ್ರವಾಸ ಯಾವುದೆಂದು ಸೂಚಿಸಲು ಇಂಥ ಬೂಟನ್ನೇ ಆರಿಸಿದವರ ಹೃದಯವಂತಿಕೆಗೆ ನಾನು ಮಾರುಹೋದೆ. ನಮ್ಮ ವ್ಯಾಪಾರದಲ್ಲಿ ಒಂಟಿ ಬೂಟು ಎಂದರೆ ಒಂದೋ ಗಾಜಿನ ಕಪಾಟಿನಲ್ಲಿ ತೋರಿಕೆಗೆ ಇಟ್ಟದ್ದು, ಇಲ್ಲವೇ ಜೋಡಿ ಕಳೆದುಕೊಂಡು ಪುಕ್ಕಟೆ ಕೊಟ್ಟರೂ ಯಾರೂ ಒಯ್ಯದೆ ಮೂಲೆಯಲ್ಲಿ ಉಳಿದದ್ದು. ತಾವು ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆ ಆಗ ನನಗೆ ಬಂದಿರಲಿಲ್ಲ, ಈಗ ಉತ್ತರವೇ ಬಂದಿದೆ.

ನಾನು ಹಡಗು ಹತ್ತಿದ ಉದ್ದೇಶವನ್ನೂ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ರಜೆಗೆ ಸಮುದ್ರದ ಕಡೆ ಹೋಗಿಬಂದ ಗಿರಾಕಿಗಳು ಪಟ್ಟಿ ಕಿತ್ತ ಚಪ್ಪಲಿಗಳನ್ನು ರಿಪೇರಿಗೆ ತಂದಾಗ ಅವುಗಳ ಸಂದಿಯಿಂದ ಮರಳು ಉದುರುತ್ತಿತ್ತು. ಅದನ್ನು ಗುಡಿಸಿ ಗುಡಿಸಿ ನನಗೆ ಬಹಳ ವರ್ಷಗಳಿಂದ ಒಂದು ಆಸೆ ಹುಟ್ಟಿತ್ತು: ಒಂದೇ ಒಂದು ಸಲ, ಕಾಲಿಗೆ ಏನನ್ನೂ ಮೆಟ್ಟದೆ, ಅಲೆ ಬಂದು ಮುಟ್ಟುವ ಜಾಗದಲ್ಲಿ ಇರಬೇಕು. ನೋಡುವುದಲ್ಲ, ಇರುವುದು. ವೈದ್ಯರು ಬರಿಗಾಲನ್ನು ನಿಷೇಧಿಸಿ, ಅಟ್ಟೆ ಎತ್ತರಿಸಿದ ಒಂದು ಜೊತೆ ಭಾರದ ಬೂಟುಗಳನ್ನು ನನಗೆ ಗಂಟುಹಾಕಿದ ಮೇಲಂತೂ ಆ ಆಸೆ ಹಟವಾಯಿತು. ಕುಂಟನಿಗೆ ಎಂಟು ಚೇಷ್ಟೆ ಅನ್ನುತ್ತಾರೆ. ಉಳಿದ ಏಳನ್ನು ನಾನು ಬಿಟ್ಟುಕೊಡಲು ತಯಾರಿದ್ದೆ.

ಸ್ನಾನದ ತೊಟ್ಟಿಯ ನೀರಿಗೂ ಅಂಜುವ ಯಜಮಾನರು ಅಂಗಡಿಯಲ್ಲೇ ಉಳಿದು, ತಮ್ಮ ತಂಗಿಯನ್ನು, ಅಂದರೆ ನನ್ನ ನಾದಿನಿಯನ್ನು, ನನ್ನ ಕುರ್ಚಿ ತಳ್ಳಲು ಜೊತೆಮಾಡಿ ಕಳುಹಿಸಿದರು. ನಾದಿನಿಯ ಬಗ್ಗೆ ತಮಗೆ ತಿಳಿದಿರಲಿ: ನಿವೃತ್ತಿಯಾಗುವ ತನಕ ಅವಳು ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ ಯಾವ ಗಾಡಿ ಎಲ್ಲಿಗೆ ಬರುತ್ತದೆ, ಎಷ್ಟು ತಡವಾಗುತ್ತದೆ ಎಂದು ಘೋಷಿಸುತ್ತಿದ್ದವಳು. ಗಾಡಿಗಳಿಗೆ ಬಾಯಿಲ್ಲವಾದ್ದರಿಂದ ಅವುಗಳ ಪರವಾಗಿ ಮಾತಾಡುವುದು ಅವಳ ಕೆಲಸವಾಗಿತ್ತು. ಆ ಅಭ್ಯಾಸದಲ್ಲೇ ನನ್ನ ಪರವಾಗಿಯೂ ಮಾತಾಡುತ್ತಾಳೆ. ಪ್ರೀತಿಗೆ ಅವಳಲ್ಲಿ ಕೊರತೆಯಿಲ್ಲ, ಸದ್ದಿಗೂ ಇಲ್ಲ.

ಹಡಗಿನಲ್ಲಿ ಪ್ರವಾಸಗಳನ್ನು ಮಾರುವ ಮೇಜಿನ ಹಿಂದೆ ಒಬ್ಬ ಮಹನೀಯರು ಕುಳಿತಿರುತ್ತಾರೆ. ಬೆಂಕಿ ಬಿದ್ದರೂ ನಗುವುದನ್ನು ನಿಲ್ಲಿಸರು ಎಂಬ ಕಾರಣಕ್ಕೆ ನಾವು ಅವರಿಗೆ ನಗುಮೊಗದವರು ಎಂದು ಹೆಸರಿಟ್ಟೆವು. ಮೊದಲ ದಿನ ನಾನು ಅವರ ಎದುರು ಕುರ್ಚಿಯಲ್ಲಿ ಕೂತು ಕೈಪಿಡಿ ತೆರೆದಿದ್ದರೆ, ಅವರು ನನ್ನ ತಲೆಯ ಮೇಲಿಂದ ನಾದಿನಿಯತ್ತ ನಗು ಬೀರಿ, "ಇವರು ಸ್ವಲ್ಪಾನಾದ್ರೂ ನಡೀತಾರಾ?" ಎಂದು ವಿಚಾರಿಸಿದರು. ನಾದಿನಿ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, "ನಾಲ್ಕೇ ಹೆಜ್ಜೆ. ಮೆಟ್ಟಿಲು ಆಗಲ್ಲ. ಕೂತಲ್ಲೇ ಕಾಲು ಊದ್ಕೊಳ್ಳುತ್ತೆ" ಎಂದು ನನ್ನ ಆಗಮನ ನಿರ್ಗಮನದ ವಿವರಗಳನ್ನು ಘೋಷಿಸಿದಳು. ಅವರು ತಕ್ಷಣ ಕೈಪಿಡಿಯಲ್ಲಿದ್ದ ತಮ್ಮ ಚಿತ್ರವನ್ನು ಬೆರಳಿಟ್ಟು ತೋರಿಸಿದರು. ಒಂದು ಬೂಟು: ಹಗುರ, ಎಲ್ಲ ವಯೋಮಾನದವರಿಗೂ ಯೋಗ್ಯ, ಹಳೆಯ ಚೌಕದಲ್ಲಿ ಕಿರುನಡಿಗೆ, ಗಡಿಯಾರ ಗೋಪುರದಿಂದ ಸಮುದ್ರ ದರ್ಶನ. ಎರಡು ಬೂಟು ಸಾಧಾರಣ, ಮೂರು ಬೂಟು ಶ್ರಮದಾಯಕ, ಅದರ ಕಡೆ ನೋಡಲೂಬೇಡಿ ಎಂದು ಪುಟವನ್ನೇ ಮಗುಚಿಬಿಟ್ಟರು.

ಮೊದಲ ಬಂದರಿನಲ್ಲಿ ತಮ್ಮ ಮಾತು ನಂಬಿ ಇಳಿದೆವು. ಚೌಕ ಚೊಕ್ಕಟವಾಗಿತ್ತು, ನಡಿಗೆಯೂ ನಿಜಕ್ಕೂ ಕಿರಿದೇ. ಆಮೇಲೆ ಗೋಪುರದ ಬಾಗಿಲು ಬಂತು. ಅದರೊಳಗೆ ನನ್ನ ಕುರ್ಚಿಯ ಮಾತಿರಲಿ, ಊಟಮಾಡಿ ಬಂದ ಮನುಷ್ಯ ಕೂಡ ಅಡ್ಡಕ್ಕೆ ತಿರುಗಿಯೇ ನುಗ್ಗಬೇಕು. ಒಳಗೆ ಕಲ್ಲಿನ ಮೆಟ್ಟಿಲುಗಳು ಸುತ್ತಿ ಸುತ್ತಿ ಕತ್ತಲೆಗೆ ಏರಿದ್ದವು. ಒಂದೊಂದರ ನಡುವೂ ಹಳೆಯ ಹಿಮ್ಮಡಿಯಂತೆ ಸವೆದಿತ್ತು. ಮೆಟ್ಟಿಲು ಎಣಿಸುವ ಚಟ ನನಗಿಲ್ಲ, ಆದರೆ ಮೇಲೆ ಹೋದವರು ಕೆಳಗಿಳಿಯುವಷ್ಟರಲ್ಲಿ ನಾನು ಒಂದು ನಿದ್ದೆ ತೆಗೆದು ಎದ್ದಿದ್ದೆ. ಇಳಿದವರೆಲ್ಲ ಏದುಸಿರು ಬಿಡುತ್ತ ನಾದಿನಿಗೆ, "ಸಮುದ್ರ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ?" ಎಂದರು. ನಾದಿನಿ ಬಗ್ಗಿ ನನಗೆ, "ಸಮುದ್ರ ಚೆನ್ನಾಗಿ ಕಾಣುತ್ತಂತೆ ಅತ್ತಿಗೆ" ಎಂದಳು. ಗೋಪುರವೊಂದನ್ನು ಅದರ ಬುಡದಿಂದಲೇ ಅಷ್ಟು ಹೊತ್ತು ಸಾವಕಾಶವಾಗಿ ಅಧ್ಯಯನ ಮಾಡುವ ಅವಕಾಶವನ್ನು, ಅದನ್ನು ಕಟ್ಟಿದ ಮೇಸ್ತ್ರಿಯ ನಂತರ, ನನ್ನೊಬ್ಬಳಿಗೇ ಒದಗಿಸಿಕೊಟ್ಟ ತಮಗೆ ಕೃತಜ್ಞತೆ ಹೇಗೆ ಸಲ್ಲಿಸಲಿ?

ಎರಡನೆಯ ಬಂದರಿನಲ್ಲಿ ತಮ್ಮನ್ನು ಬಿಟ್ಟು, ಬೂಟಿನ ಬದಲು ಬಸ್ಸಿನ ಚಿತ್ರವಿದ್ದ ಪ್ರವಾಸಕ್ಕೆ ಹೋದೆವು. ನಡೆಯುವುದೇ ಇಲ್ಲ, ಎಲ್ಲವನ್ನೂ ಕಿಟಕಿಯಿಂದ ನೋಡುವುದು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಗೆ ಟಿಕೆಟ್ಟು ಇಟ್ಟು ಮಾರಬಹುದೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಸಮುದ್ರ ಎಡಗಡೆಯಿತ್ತು, ನಮ್ಮನ್ನು ಬಲಗಡೆ ಕೂರಿಸಿದ್ದರು. ಹಿಂತಿರುಗುವಾಗ ನಮ್ಮ ಕಡೆಗೆ ಬರುತ್ತದೆಂದು ಕಾದರೆ, ಬಸ್ಸು ಗೋದಾಮುಗಳ ಹಿಂದಿನ ಬೇರೆ ದಾರಿ ಹಿಡಿಯಿತು. ನಿಂತದ್ದು ಒಂದೇ ಕಡೆ, ನೆನಪಿನ ಕಾಣಿಕೆಗಳ ಅಂಗಡಿಯ ಮುಂದೆ. ಆ ಅಂಗಡಿಗೆ ಗಾಲಿಕುರ್ಚಿ ಏರಲು ಇದ್ದ ಇಳಿಜಾರನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ: ಅಗಲ, ನಯ, ಎರಡೂ ಕಡೆ ಹಿಡಿಕೆ. ಕೊಳ್ಳುವ ಕೈಗಳಿದ್ದರೆ ಕಾಲಿಲ್ಲದವರಿಗೂ ಲೋಕ ಎಷ್ಟು ಮೆತ್ತಗಾಗುತ್ತದೆ ನೋಡಿ. ಅಲ್ಲಿ ನಾದಿನಿ ನನಗೊಂದು ಶಂಖ ಕೊಡಿಸಿ, ಕಿವಿಗೆ ಹಿಡಿದರೆ ಸಮುದ್ರ ಕೇಳುತ್ತದೆ ಎಂದಳು. ಹಿಡಿದೆ. ಅಂಗಡಿಯ ಫ್ಯಾನು ಕೇಳಿಸಿತು. ಅದೇ ಅಂಗಡಿಯಲ್ಲಿ ಅವಳು ತನಗಾಗಿ ಬಿಳಿ ಅಟ್ಟೆಯ, ಮಿರಮಿರ ಮಿಂಚುವ ಒಂದು ಜೊತೆ ಶೂ ಕೊಂಡಳು. ಚಪ್ಪಲಿ ಅಂಗಡಿಯ ಮನೆತನದ ಹೆಣ್ಣುಮಗಳು ಪರರ ಅಂಗಡಿಯಲ್ಲಿ ಶೂ ಕೊಂಡಳು, ಅದೂ ನನ್ನ ಕಣ್ಣೆದುರಿಗೆ, ಅದೂ ಹಿಮ್ಮಡಿ ಬಿಗಿಯಾಗಿರುವುದನ್ನು. ಆ ವಿಷಯ ನಾನು ಯಜಮಾನರಿಗೆ ಇನ್ನೂ ತಿಳಿಸಿಲ್ಲ.

ಮೂರನೆಯ ಬಂದರಿನಲ್ಲಿ ಹಡಗು ದಡಕ್ಕೆ ತಾಗಲೇ ಇಲ್ಲ. ದೂರದಲ್ಲಿ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗಳಿಗೆ ಇಳಿಸಿ ಕರೆದೊಯ್ದರು, ಕುರ್ಚಿಯವರಿಗೆ ದೋಣಿಯಲ್ಲಿ ಜಾಗವಿಲ್ಲ ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಉಳಿದವರ ಮನಸ್ಸಿಗೆ ಬೇಸರವಾಗದಿರಲೆಂದು ಸಭಾಂಗಣದಲ್ಲಿ ಅದೇ ದಡದ ಬಗ್ಗೆ ಚಿತ್ರಸಹಿತ ಉಪನ್ಯಾಸ ಏರ್ಪಡಿಸಿದ್ದರು. ಸಭಿಕರು ನಾನು, ನಾದಿನಿ ಮತ್ತು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ಒಬ್ಬ ಗೃಹಸ್ಥರು. ಪರದೆಯ ಮೇಲೆ ಅಲೆಗಳು ನಿಂತಲ್ಲೇ ನಿಂತಿದ್ದವು. ಪಾಪ, ನನ್ನನ್ನು ಬಿಟ್ಟು ದೋಣಿ ಹತ್ತದ ನಾದಿನಿ, "ಇಲ್ಲೇ ಹಾಯಾಗಿದೆ ಅಲ್ವಾ ಅತ್ತಿಗೆ? ಎಸಿ ಇದೆ, ಮೆತ್ತೆ ಇದೆ" ಎಂದು ಮತ್ತೆ ಮತ್ತೆ ಕೇಳಿದಳು. ಆಗ ನನಗೆ ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ಒಟ್ಟಿಗೆ ನಿಭಾಯಿಸಲು ಆಗದೆ ಸಿಟ್ಟನ್ನು ಇಟ್ಟುಕೊಂಡೆ. ಉಳಿದದ್ದು ಒಂದೇ ಬಂದರು, ಆಮೇಲೆ ಮನೆ.

ಅದೇ ಸಿಟ್ಟಿನ ಬಲದಿಂದ ಮಾರನೆಯ ಬೆಳಗ್ಗೆ ನಗುಮೊಗದವರ ಮೇಜಿಗೆ ಹೋಗಿ, ಪ್ರವಾಸಗಳಿಗೆ ಈ ಬೂಟಿನ ಗುರುತು ಹಾಕುವವರು ಯಾರು, ಅವರು ಆ ಗೋಪುರ ಹತ್ತಿದ್ದರೇ ಎಂದು ವಿಚಾರಿಸಿದೆ. ಅವರು ನಾದಿನಿಯ ಕಡೆ ತಿರುಗಿ ಬಹು ಹೆಮ್ಮೆಯಿಂದ ನನಗೆ ಉತ್ತರಿಸಿದರು: "ಹತ್ತೋದು ಯಾಕೆ ಅಮ್ಮಾ? ಮುಖ್ಯ ಕಚೇರೀಲಿ ನಕ್ಷೆ ಮೇಲೆ ಅಳೀತಾರೆ. ನಡಿಗೆ ಕಡಿಮೆ ಇದ್ರೆ ಒಂದು ಬೂಟು, ಜಾಸ್ತಿ ಇದ್ರೆ ಮೂರು. ಕಂಪ್ಯೂಟರ್ ಲೆಕ್ಕ, ಕೂದಲೆಳೆಯಷ್ಟೂ ತಪ್ಪಲ್ಲ."

ಮಾನ್ಯರೇ, ಆ ಕ್ಷಣದಲ್ಲಿ ನನಗಾದ ಜ್ಞಾನೋದಯವನ್ನು ತಮ್ಮೊಡನೆ ಹಂಚಿಕೊಳ್ಳಲು ಸಂತೋಷವಾಗುತ್ತದೆ. ನಕ್ಷೆ ಎಂದರೆ ಊರನ್ನು ಆಕಾಶದಿಂದ ನೋಡಿ ಬರೆದದ್ದು. ಆಕಾಶದಿಂದ ನೋಡಿದರೆ ಗೋಪುರ ಒಂದು ಸಾಸಿವೆ ಕಾಳು. ಅದರೊಳಗೆ ಸುತ್ತಿ ಸುತ್ತಿ ಏರುವ ಮೆಟ್ಟಿಲುಗಳೆಲ್ಲ ಸೇರಿ ಒಂದು ಚುಕ್ಕೆ. ಚುಕ್ಕೆಗೆ ಉದ್ದವಿಲ್ಲ, ಉದ್ದವಿಲ್ಲದ ಮೇಲೆ ನಡಿಗೆಯಿಲ್ಲ, ನಡಿಗೆಯಿಲ್ಲದ ಮೇಲೆ ಶ್ರಮವಿಲ್ಲ! ಹಾಗಾಗಿ ಗೋಪುರ ಹತ್ತುವುದೂ ನಿಂತಲ್ಲೇ ನಿಂತಿರುವುದೂ ತಮ್ಮ ಲೆಕ್ಕದಲ್ಲಿ ಒಂದೇ. ಮನುಷ್ಯರು ಮೇಲಕ್ಕೂ ಹೋಗುತ್ತಾರೆ ಎಂಬ ಕ್ಷುಲ್ಲಕ ಸಂಗತಿಯನ್ನು ಇಷ್ಟು ಅಚ್ಚುಕಟ್ಟಾಗಿ ಲೋಕದಿಂದ ತೆಗೆದುಹಾಕಿದ ತಮ್ಮ ಕಚೇರಿಯವರಿಗೆ ಯಾರಾದರೂ ಸನ್ಮಾನ ಮಾಡಬೇಕು. ಸನ್ಮಾನವನ್ನು ದಯವಿಟ್ಟು ಅದೇ ಗೋಪುರದ ತುದಿಯಲ್ಲಿ ಏರ್ಪಡಿಸಬೇಕು, ಸನ್ಮಾನಿತರು ನನ್ನ ಮಂಡಿಗಳನ್ನು ಧರಿಸಿಕೊಂಡು ಬರಬೇಕು ಎಂಬುದು ನನ್ನ ನಮ್ರ ಕೋರಿಕೆ.

ಜ್ಞಾನೋದಯಕ್ಕೆ ಇನ್ನೊಂದು ಮಗ್ಗುಲೂ ಇತ್ತು. ನಡಿಗೆ ಉದ್ದವಿದ್ದರೆ ಮೂರು ಬೂಟು ಎಂದಾದರೆ, ಮೂರು ಬೂಟಿನ ಪುಟಗಳಲ್ಲಿ ಏನಿದೆ? ಮುಂದಿನ ಬಂದರಿನ ಆ ಪುಟವನ್ನು, ನೋಡಲೂಬೇಡಿ ಎಂದಿದ್ದನ್ನು, ನಾನೇ ತೆರೆದೆ. ಕಡಲ ಕಟ್ಟೆಯ ಮೇಲೆ ದಿನವಿಡೀ ನಡಿಗೆ, ಮೀನುಗಾರರ ಹಟ್ಟಿ, ದೀಪಸ್ತಂಭದ ತನಕ ಹಲಗೆ ಹಾಸಿದ ದಾರಿ, ಕೊನೆಯಲ್ಲಿ ಮರಳು ದಂಡೆ. ಚಿತ್ರದಲ್ಲಿ ಆ ದಾರಿ ಇಸ್ತ್ರಿ ಮಾಡಿದಂತೆ ಸಮತಟ್ಟಾಗಿತ್ತು, ಒಂದೂ ಮೆಟ್ಟಿಲಿಲ್ಲ. ಉದ್ದ ಬಹಳ, ಆದರೆ ಉದ್ದವಿದ್ದರೆ ಕಾಲಿಗೆ ತಾನೇ ಕಷ್ಟ? ಗಾಲಿಗೆ ಉದ್ದವೇನು, ಗಿಡ್ಡವೇನು. ನಾನು ಆ ಪ್ರವಾಸ ಬೇಕೆಂದೆ. ನಗುಮೊಗದವರು ಮೊದಲ ಬಾರಿಗೆ ನಗುವನ್ನು ಅರ್ಧ ಕಡಿಮೆ ಮಾಡಿ, ಮೂರು ಬೂಟಿನದನ್ನು ಕುರ್ಚಿಯವರಿಗೆ ಕೊಡುವ ಹಾಗಿಲ್ಲ, ಬೇಕಾದರೆ ಆ ಬಂದರಿನಲ್ಲೂ ಒಂದು ಬೂಟಿನದಿದೆ, ಕೋಟೆಯ ಬುರುಜು, ಎಂದು ನಾದಿನಿಗೆ ತಿಳಿಸಿದರು.

ಕೋಣೆಗೆ ಮರಳಿದ ಮೇಲೆ ಅತ್ತಿಗೆ ನಾದಿನಿಯರ ನಡುವೆ ನಡೆದದ್ದನ್ನು ಪೂರ್ತಿ ಬರೆದರೆ ತಮ್ಮ ಲೇಸು ಬಿಚ್ಚಿಹೋದೀತು. ಸಾರಾಂಶ ಇಷ್ಟು: ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಅವಳು, ಕಾಲೇ ಇಲ್ಲದವಳಿಗೆ ಹಾಸಿಗೆಯ ಅಳತೆ ಹೇಳಬೇಡ ಎಂದು ನಾನು. ಕೊನೆಗೆ ಅವಳು ದನಿ ತಗ್ಗಿಸಿ, "ನಿಮಗೇನಾದ್ರೂ ಆದ್ರೆ ಅಣ್ಣನಿಗೆ ಏನು ಅಂತ ಹೇಳ್ಲಿ ಅತ್ತಿಗೆ?" ಎಂದಳು. ಅವಳು ದನಿ ತಗ್ಗಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು, ಅವಳು ನಿಜವಾಗಿ ಹೆದರಿದ್ದಾಳೆಂದು ಆಗ ತಿಳಿಯಿತು. "ಸಮುದ್ರಕ್ಕೆ ಹೋಗಿದ್ಳು ಅಂತ ಹೇಳು" ಎಂದೆ. ಅವಳು ಸೆರಗಿನಿಂದಲೋ ಕರವಸ್ತ್ರದಿಂದಲೋ ಮೂಗು ಒರೆಸಿಕೊಂಡು ಎದ್ದುಹೋದಳು.

ಅವಳು ಹೋದದ್ದು ಮೇಜಿನ ಬಳಿಗೇ. ಮೇಜಿನಲ್ಲಿ ಆಗ ಬೇರೊಬ್ಬರು ಪಾಳಿಗೆ ಬಂದಿದ್ದರಂತೆ. ಎರಡು ಕಾಲಿನ ಮೇಲೆ ನೆಟ್ಟಗೆ ನಿಂತ ಹೆಂಗಸನ್ನು ಕಂಡು ಮೂರು ಬೂಟಿನ ಎರಡು ಟಿಕೆಟ್ಟುಗಳನ್ನು ಹರಿದುಕೊಡುತ್ತ, ಜೊತೆಯವರು ಅಷ್ಟು ದೂರ ಬರಬಲ್ಲರೇ ಎಂದು ಕೇಳಿದರಂತೆ. ಸುಳ್ಳು ಹೇಳಿ ಗೊತ್ತಿಲ್ಲದ ನನ್ನ ನಾದಿನಿ, "ಎಲ್ಲಿಗೆ ಹೋದ್ರೂ ಅವರೇ ಮುಂದೆ, ನಾನು ಹಿಂದೆ" ಎಂದು ಸತ್ಯವನ್ನೇ ನುಡಿದು ಟಿಕೆಟ್ಟು ತಂದಳು. ಅವಳ ಜೀವಮಾನದ ಘೋಷಣೆಗಳಲ್ಲಿ ಅದೇ ಅತ್ಯುತ್ತಮವೆಂದು ನನ್ನ ಅಭಿಪ್ರಾಯ.

ಕೊನೆಯ ಬಂದರಿನಲ್ಲಿ ಹಳದಿ ಕೊಡೆ ಹಿಡಿದ ಮಾರ್ಗದರ್ಶಿನಿ ನನ್ನನ್ನು ಕಂಡು ಬಾಯಿ ತೆರೆದಳು, ನನ್ನ ಟಿಕೆಟ್ಟು ಕಂಡು ಬಾಯಿ ಮುಚ್ಚಿದಳು. ಸುತ್ತ ನಿಂತವರೆಲ್ಲ ಮೂರು ಬೂಟಿಗೆ ತಕ್ಕ ಶೂರರು: ಊರುಗೋಲು, ಬೆನ್ನಚೀಲ, ಸೊಂಟಪಟ್ಟಿ, ನೀರು ಹೀರುವ ನಳಿಗೆ. ಅದರಲ್ಲೂ ಯುದ್ಧಕ್ಕೆ ಹೊರಟವರಂತೆ ಸಜ್ಜಾಗಿದ್ದ ಗಂಡಹೆಂಡಿರಿಬ್ಬರು ಮಾನ್ಯರಾದ ತಮ್ಮನ್ನೇ ಹೋಲುವ ಬೂಟುಗಳನ್ನು ತೊಟ್ಟಿದ್ದರು, ಪೆಟ್ಟಿಗೆಯಿಂದ ಆ ದಿನವೇ ತೆಗೆದಿದ್ದು, ಅಟ್ಟೆಯ ಮೇಲಿನ ಚೀಟಿ ಕೂಡ ಹೋಗಿರಲಿಲ್ಲ. ಹೊಸ ಬೂಟು ಹಾಕಿಕೊಂಡು ದೂರ ಪ್ರಯಾಣ ಹೊರಡುವವರನ್ನು ಕಂಡರೆ ನಮ್ಮ ವೃತ್ತಿಯವರಿಗೆ ಕರುಣೆಯೂ ಬರುತ್ತದೆ, ಮುಂದಿನ ವ್ಯಾಪಾರದ ಭರವಸೆಯೂ ಬರುತ್ತದೆ.

ದಾರಿ ಚಿತ್ರದಲ್ಲಿ ಇದ್ದಂತೆಯೇ ಇತ್ತು. ಒಂದು ಪಕ್ಕ ಬಲೆ ಒಣಗಲು ಹರವಿದ ಕಂಬಗಳು, ಇನ್ನೊಂದು ಪಕ್ಕ ಸಮುದ್ರ, ನಡುವೆ ನನ್ನ ಗಾಲಿಗಳು ಹಲಗೆಯ ಮೇಲೆ ಟಕಟಕ ಸದ್ದು ಮಾಡುತ್ತ ಓಡಿದವು. ನಾನು ಹೊಟ್ಟೆ ತುಂಬ ಗಾಳಿ ಕುಡಿದೆ. ಬಿಸಿಲೇರುತ್ತಿದ್ದಂತೆ ಶೂರರ ಹೆಜ್ಜೆ ಕುಂಟತೊಡಗಿತು. ಮೊದಲು ಗಂಡಹೆಂಡಿರು ಸಂಕೋಚದಿಂದ ಬಂದು ಬೆನ್ನಚೀಲವನ್ನು ನನ್ನ ಕುರ್ಚಿಯ ಹಿಂದೆ ನೇತುಹಾಕಬಹುದೇ ಎಂದು ಕೇಳಿದರು. ಆಮೇಲೆ ಇನ್ನೊಬ್ಬರ ಚೀಲ ಬಂತು, ಇನ್ನೊಬ್ಬರ ಊರುಗೋಲು ಬಂತು, ಕೊನೆಗೆ ಮಾರ್ಗದರ್ಶಿನಿಯ ಹಳದಿ ಕೊಡೆಯೂ ನನ್ನ ಕೈಗೇ ಬಂತು. ಸಾಲಿನಲ್ಲಿ ನೋವಿಲ್ಲದ ಕಾಲುಗಳಿದ್ದದ್ದು ನನಗೊಬ್ಬಳಿಗೇ. ನಾನು ಕೊಡೆ ಎತ್ತಿ ಹಿಡಿದು ಮುಂದೆ, ಸೈನ್ಯ ಕುಂಟುತ್ತ ಹಿಂದೆ. ನನ್ನ ಬೆನ್ನ ಹಿಂದೆಯೇ ಬಿಗಿ ಹಿಮ್ಮಡಿಯ ಹೊಸ ಶೂಗಳಲ್ಲಿ ನನ್ನ ನಾದಿನಿ, ಕುರ್ಚಿಯನ್ನು ತಳ್ಳುತ್ತಿದ್ದಾಳೋ ಅದಕ್ಕೆ ಜೋತುಬಿದ್ದಿದ್ದಾಳೋ ತಿಳಿಯದಂತೆ ಬರುತ್ತಿದ್ದಳು. ನೋಯುತ್ತಿದೆಯೇ ಎಂದು ಕೇಳಿದರೆ ಇಲ್ಲವೆಂದಳು. ಪರರ ಅಂಗಡಿಯ ಶೂ ಎಂದ ಮೇಲೆ ಒಪ್ಪಿಕೊಳ್ಳುವುದು ಹೇಗೆ.

ಹಲಗೆಯ ದಾರಿ ಮುಗಿದು ಮರಳು ಶುರುವಾಯಿತು. ಗಾಲಿಗಳು ಹೂತು ನಿಂತವು. ನೀರು ಅಲ್ಲೇ ಕಾಣುತ್ತಿತ್ತು, ನನ್ನ ನಾಲ್ಕು ಹೆಜ್ಜೆಗಳಿಗೆ ಮಾತ್ರ ಎಟುಕದಷ್ಟು ದೂರ. ಎತ್ತಿಕೊಂಡು ಹೋಗುತ್ತೇವೆ ಎಂದು ಇಬ್ಬರು ಮುಂದೆ ಬಂದರು, ಒಬ್ಬರ ಹಿಮ್ಮಡಿಯಿಂದ ರಕ್ತ ಒಸರುತ್ತಿದ್ದದ್ದು ಕಂಡು ಬೇಡವೆಂದೆ. ಬೂಟು ಬಿಚ್ಚಲು ನಾದಿನಿಗೆ ಹೇಳಿದೆ. ಅವಳು ನನ್ನೆದುರು ಮಂಡಿಯೂರಿ, ಲೇಸು ಸಡಿಲಿಸಿ ಎರಡನ್ನೂ ಕಳಚಿದಳು. ಆಮೇಲೆ ನಾನು ಕುರ್ಚಿಯಿಂದ ಮೆಲ್ಲಗೆ ಮರಳಿಗೆ ಜಾರಿ, ಅಂಗೈಗಳನ್ನು ಹಿಂದೆ ಊರಿ, ಕೂತಲ್ಲಿಂದ ಕೂತಲ್ಲಿಗೆ ಸರಿಯತೊಡಗಿದೆ. ಅಂಗಡಿಯಲ್ಲಿ ಒಬ್ಬರ ಕಾಲಿನಿಂದ ಇನ್ನೊಬ್ಬರ ಕಾಲಿಗೆ ಗಿಡ್ಡ ಮಣೆಯ ಮೇಲೆ ಕೂತೇ ಸರಿಯುತ್ತ ನಲವತ್ತು ವರ್ಷ ಕಳೆದವಳಿಗೆ ಇದೇನು ಹೊಸ ವಿದ್ಯೆಯಲ್ಲ, ಈಗ ಮಣೆಯಿರಲಿಲ್ಲ ಅಷ್ಟೆ. "ಅತ್ತಿಗೆ, ಎಲ್ಲರೂ ನೋಡ್ತಿದಾರೆ" ಎಂದು ನಾದಿನಿ ಪಿಸುಗುಟ್ಟಿದಳು. ನೋಡಲಿ, ಟಿಕೆಟ್ಟು ಕೊಂಡಿದ್ದಾರೆ, ಎಂದೆ. ತುಸು ಹೊತ್ತಿಗೆ ಪಕ್ಕದಲ್ಲಿ ಏನೋ ಭಾರವಾಗಿ ಉಸಿರುಬಿಡುತ್ತಿರುವುದು ಕೇಳಿ ತಿರುಗಿದರೆ, ಶೂ ಕಿತ್ತೆಸೆದ ನಾದಿನಿ, ಅವಳೂ ಕೂತುಕೊಂಡೇ ನನ್ನ ಸಮಕ್ಕೆ ಸರಿಯುತ್ತ ಬರುತ್ತಿದ್ದಳು. ಇಬ್ಬರು ಅಜ್ಜಿಯರು ಪಂದ್ಯಕ್ಕೆ ಬಿದ್ದಂತೆ ಕಂಡಿರಬೇಕು, ಹಿಂದೆ ಯಾರೋ ಚಪ್ಪಾಳೆ ತಟ್ಟಿದರು.

ನೀರಿಗೆ ಇನ್ನೂ ಒಂದು ಮಾರು ಇರುವಾಗ ಒಂದು ದೊಡ್ಡ ಅಲೆ ತಾನಾಗಿಯೇ ಎದ್ದು ಬಂದು ನನ್ನ ಪಾದಗಳನ್ನು ಮುಳುಗಿಸಿ, ಮಂಡಿಗಳನ್ನು ಮುಳುಗಿಸಿ, ಸೊಂಟದ ತನಕ ಬಟ್ಟೆಯನ್ನೆಲ್ಲ ತೋಯಿಸಿತು. ತಣ್ಣಗಿತ್ತು. ಹಿಂದಕ್ಕೆ ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳನ್ನು ಸೆಳೆದುಕೊಂಡು ಹೋಯಿತು, ಕೂತಿದ್ದರೂ ಎಲ್ಲಿಗೋ ಹೊರಟಿದ್ದೇನೆ ಅನ್ನಿಸಿತು. ನನಗೆ ಬಹಳ ಸಂತೋಷವಾಯಿತು, ಮಾನ್ಯರೇ. ಇದರಲ್ಲಿ ವ್ಯಂಗ್ಯವೇನೂ ಇಲ್ಲ, ತಾವು ಹುಡುಕುವ ತೊಂದರೆ ತೆಗೆದುಕೊಳ್ಳಬೇಡಿ.

ಏಳುವ ವೇಳೆಗೆ ನಮ್ಮಿಬ್ಬರನ್ನೂ ಎಬ್ಬಿಸಲು ಇಡೀ ಸೈನ್ಯವೇ ಬೇಕಾಯಿತು. ಹಿಂತಿರುಗಲು ಬಸ್ಸಿತ್ತು, ಎರಡು ಮೆಟ್ಟಿಲಿನ ಬಸ್ಸು, ಹಿಡಿಕೆ ಹಿಡಿದು ಹತ್ತಿದೆ. ಹಡಗುಕಟ್ಟೆಯಲ್ಲಿ ಇಳಿದಾಗ ನಾದಿನಿಯ ಹಿಮ್ಮಡಿಗಳಲ್ಲಿ ನಿಂಬೆಹಣ್ಣಿನಷ್ಟು ಬೊಬ್ಬೆಗಳೆದ್ದು, ಶೂ ಹಾಕಲಾರದೆ, ಬಿಸಿ ಕಲ್ಲಿನ ಮೇಲೆ ಬರಿಗಾಲಿಡಲಾರದೆ, ಬಸ್ಸಿನಿಂದಿಳಿಸಿ ಬಿಚ್ಚಿಟ್ಟ ನನ್ನ ಕುರ್ಚಿಯಲ್ಲಿ 'ಒಂದೇ ನಿಮಿಷ ಅತ್ತಿಗೆ' ಎಂದು ಕುಸಿದು ಕೂತಳು. ನಾನು ಹಿಂದಿನ ಹಿಡಿಕೆಗಳನ್ನು ಆಧಾರಕ್ಕೆ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಹಡಗಿಗೆ ಏರುವ ಸೇತುವೆಯ ಬಳಿ ಸ್ವಾಗತಕ್ಕೆ ನಿಂತಿದ್ದ ಸಮವಸ್ತ್ರದವರು ಓಡಿಬಂದು, ಅವಳ ತಲೆಯ ಮೇಲಿಂದ ನನ್ನತ್ತ ನಗು ಬೀರಿ, ಅತ್ಯಂತ ಮೃದುವಾಗಿ, "ಇವರು ಮೇಲೆ ಹತ್ತುತ್ತಾರಾ ಅಮ್ಮಾ?" ಎಂದು ಕೇಳಿದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅತ್ತಿಗೆಗೂ ಒಂದು ಇದೆಯೆಂದು ನನಗೆ ಆಗ ತಿಳಿಯಿತು. ದೊಡ್ಡ ಮನಸ್ಸಿನವರಾಗಿದ್ದರೆ ಅವಳನ್ನೇ ಕೇಳಿ ಅನ್ನುತ್ತಿದ್ದರು. ನನ್ನ ಮನಸ್ಸು ಅಂಗಡಿಯಷ್ಟೇ ಅಗಲ. "ಆಗಲ್ಲಪ್ಪ. ಕೂತಲ್ಲೇ ಕಾಲು ಊದ್ಕೊಳ್ಳುತ್ತೆ. ಮೆಲ್ಲಗೆ ತಳ್ಳಿ, ಗಾಬರಿಯಾಗ್ತಾರೆ. ರಾತ್ರಿಗೆ ಗಂಜಿ ಸಾಕು, ಉಪ್ಪು ಕಡಿಮೆ, ಬೇಗ ಮಲಗ್ತಾರೆ" ಎಂದು ಕಟ್ಟೆಯ ತುದಿಗೂ ಕೇಳುವಂತೆ ಘೋಷಿಸಿದೆ. ಇಬ್ಬರು ಬಂದು ಅವಳನ್ನು ಮೊಸರಿನ ಗಡಿಗೆಯ ಹಾಗೆ ಜೋಪಾನವಾಗಿ ಮೇಲಕ್ಕೆ ತಳ್ಳಿಕೊಂಡು ಹೋದರು. ನಾನು ಪಕ್ಕದ ಹಗ್ಗ ಹಿಡಿದು, ನಿಂತು ನಿಂತು, ಹಿಂದೆ ಏರಿದೆ.

ಮೇಲೆ ತಲುಪಿ ನೋಡಿದರೆ ನಾದಿನಿಯ ಮುಖ ಕೆಂಪಗಾಗಿತ್ತು. "ನಾನು ಅಲ್ಲೇ ಕೂತಿದ್ದೆ ಅತ್ತಿಗೆ" ಎಂದಳು. "ನನಗೆ ಬಾಯಿತ್ತು. ನನ್ನನ್ನೇ ಕೇಳಬಹುದಾಗಿತ್ತಲ್ಲ?" ಅವಳು ಇನ್ನೇನೋ ಅನ್ನಲು ಹೊರಟು ತಡೆದಳು, ನನ್ನನ್ನು ನೋಡಿದಳು, ಆಮೇಲೆ ಕುರ್ಚಿಯ ತೋಳುಗಳನ್ನು ಒಂದು ಸಲ ಸವರಿ, ಕುಂಟುತ್ತ ಎದ್ದು ನನಗೆ ಜಾಗ ಬಿಟ್ಟಳು. ಅವಳಿಂದ ಅದಕ್ಕಿಂತ ದೊಡ್ಡ ಕ್ಷಮಾಪಣೆಯನ್ನು ನಾನು ಬಯಸುವುದಿಲ್ಲ.

ಆ ಸಂಜೆ ಊಟದ ಮೇಜಿನಲ್ಲಿ ಬಡಿಸುವವರು ಎಂದಿನಂತೆ ಅವಳ ಕಡೆ ಬಾಗಿ, ಇವರಿಗೆ ಏನು ತರಲಿ ಎಂದು ಕೇಳಿದರು. ನಾದಿನಿ ಉತ್ತರಿಸಲಿಲ್ಲ. ಕೈಯಲ್ಲಿದ್ದ ಚಮಚವನ್ನು ತಿರುಗಿಸುತ್ತ, ಜೀವನದಲ್ಲಿ ಮೊದಲ ಸಲ ಗಾಡಿ ತಾನಾಗಿ ಬರಲಿ ಎಂದು ಕಾಯುವವಳಂತೆ, ಸುಮ್ಮನೆ ಕೂತಳು. ಅವರು ಕಾದು ಕಾದು ಕೊನೆಗೆ ನನ್ನ ಕಡೆ ತಿರುಗಿದರು. ಮಾನ್ಯರೇ, ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೆಂದರೆ, ನನಗೆ ಏನು ಬೇಕೆಂದು ನನಗೇ ತಕ್ಷಣ ಹೊಳೆಯಲಿಲ್ಲ. ಸ್ವಲ್ಪ ಯೋಚಿಸಲು ಸಮಯ ಕೇಳಿದೆ. ಕೊಟ್ಟರು.

ಆದ್ದರಿಂದ ತಮ್ಮಲ್ಲಿ ನನ್ನ ಅಂತಿಮ ಬಿನ್ನಹ. ತಾವು ಕಾಗದದಿಂದ ಒಂದು ದಿನ ಇಳಿದುಬಂದು, ಎಲ್ಲೋ ಕಳೆದುಹೋಗಿರುವ ತಮ್ಮ ಬಲಗಾಲಿನ ಜೋಡಿಯನ್ನೂ ಹುಡುಕಿ ಕರೆದುಕೊಂಡು, ತಾವೇ ಶಿಫಾರಸು ಮಾಡಿದ ಗೋಪುರವನ್ನು ಒಂದು ಸಲ ಹತ್ತಿಬರಬೇಕು. ಇಲ್ಲವೇ ತಮ್ಮ ಕಚೇರಿಯ ನಕ್ಷೆಗಳಿಗೆ ಒಮ್ಮೆ ಎದ್ದುನಿಲ್ಲುವಂತೆ ಆಜ್ಞಾಪಿಸಬೇಕು. ಎರಡೂ ಕಷ್ಟವೆಂದಾದರೆ, ಸುಲಭದ್ದೊಂದಿದೆ: ಮೇಜಿನ ಹಿಂದಿನವರಿಗೆ ಕತ್ತನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಲು ಹೇಳಿಕೊಡಬೇಕು. ಕುರ್ಚಿಯಲ್ಲಿ ಕೂತವರ ಮುಖ ಅಲ್ಲಿರುತ್ತದೆ.

ಇಷ್ಟಾದರೂ ತಮ್ಮ ಮೇಲೆ ತುಸು ವಿಶ್ವಾಸ ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ಚಪ್ಪಲಿ ಅಂಗಡಿಯವಳು

ತಾ.ಕ.: ಪತ್ರ ಅಂಚೆಗೆ ಹಾಕುವ ಮುನ್ನ ತಮ್ಮ ಕಂಪನಿಯಿಂದ ಅಭಿನಂದನೆ ಬಂತು. ಮೂರು ಬೂಟಿನ ಪ್ರವಾಸವನ್ನು ಯಶಸ್ವಿಯಾಗಿ ಪೂರೈಸಿದ್ದರಿಂದ ನನ್ನನ್ನು 'ಸಾಹಸಿ' ವರ್ಗಕ್ಕೆ ಏರಿಸಲಾಗಿದೆಯಂತೆ. ಕುರ್ಚಿಯಲ್ಲಿ ಹಡಗು ಹತ್ತಿದ ನಾದಿನಿಯನ್ನು 'ವಿಶೇಷ ಕಾಳಜಿ' ವರ್ಗಕ್ಕೆ ಇಳಿಸಲಾಗಿದೆಯಂತೆ. ಮುಂದಿನ ಸಲ ನನಗೆ ರಿಯಾಯಿತಿಯಲ್ಲಿ ಹಿಮ ಮುಚ್ಚಿದ ಶಿಖರವೊಂದನ್ನು ಹತ್ತಿಸುವ ಆಮಂತ್ರಣವೂ ಜೊತೆಗಿದೆ. ಒಪ್ಪಿಕೊಂಡು ಉತ್ತರ ಬರೆದಿದ್ದೇನೆ. ನಕ್ಷೆಯಲ್ಲಿ ನೋಡಿದೆ, ಶಿಖರ ಬಹಳ ಚಿಕ್ಕದು.